ಅಗ್ಗದ ಲೋಹ, ತುಟ್ಟಿಯ ಲೆಕ್ಕ: ಜಪಾನಿನ ಕ್ಯಾಟಲಿಸ್ಟ್ ಕಥೆ

2010ರ ಸೆಪ್ಟೆಂಬರ್ 7. ಸೆಂಕಾಕು ದ್ವೀಪಗಳ ಹತ್ತಿರ ಚೀನಾದ ಒಂದು ಮೀನುಗಾರಿಕೆ ದೋಣಿ ಜಪಾನಿನ ಕರಾವಳಿ ಕಾವಲು ಹಡಗುಗಳಿಗೆ ಡಿಕ್ಕಿ ಹೊಡೆಯಿತು. ಜಪಾನ್ ಆ ದೋಣಿಯ ಕ್ಯಾಪ್ಟನ್‌ನನ್ನು ಬಂಧಿಸಿತು. ಅದಾಗಿ ಕೆಲವೇ ವಾರಗಳಲ್ಲಿ ಚೀನಾದಿಂದ ಬರಬೇಕಿದ್ದ ರೇರ್ ಅರ್ತ್, ಅಂದರೆ ಅಪರೂಪದ ಮಣ್ಣಿನ ಧಾತುಗಳ ಸರಕು ಬಂದರುಗಳಲ್ಲೇ ನಿಂತುಹೋಯಿತು. ಆಗ ಜಪಾನಿಗೆ ಬೇಕಾದ ರೇರ್ ಅರ್ತ್‌ಗಳಲ್ಲಿ ಸುಮಾರು 90% ಬರುತ್ತಿದ್ದದ್ದು ಆ ಒಂದೇ ದೇಶದಿಂದ. ಕಾರು, ಮೋಟರ್, ಕ್ಯಾಮೆರಾ ಲೆನ್ಸ್ ಮಾಡುವ ದೇಶಕ್ಕೆ ಒಮ್ಮೆಲೇ ಮೈ ನಡುಗಿತು.

ಅದೇ ಶರತ್ಕಾಲದಲ್ಲಿ, ಅಕ್ಟೋಬರ್ 6ರಂದು, ರಸಾಯನಶಾಸ್ತ್ರದ ನೊಬೆಲ್ ಪ್ರಕಟವಾಯಿತು. ಮೂವರಲ್ಲಿ ಇಬ್ಬರು ಜಪಾನಿಯರು: ಹೊಕ್ಕೈಡೊ ವಿಶ್ವವಿದ್ಯಾಲಯದ ಅಕಿರಾ ಸುಜುಕಿ ಮತ್ತು ಅಮೆರಿಕದ ಪರ್ಡ್ಯೂನಲ್ಲಿದ್ದ ಎಯಿಚಿ ನೆಗಿಶಿ. ಇಂಗಾಲವನ್ನು ಇಂಗಾಲಕ್ಕೆ ಜೋಡಿಸಲು ಪಲ್ಲಾಡಿಯಂ ಎಂಬ ಲೋಹವನ್ನು ಬಳಸಿದ್ದಕ್ಕೆ ಬಂದ ಬಹುಮಾನ ಅದು. ಟಿವಿ ಚಾನೆಲ್‌ಗಳೆಲ್ಲ ಸಂಭ್ರಮಿಸಿದವು. ಈ ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪಲ್ಲಾಡಿಯಂ ಜಪಾನಿನ ನೆಲದಲ್ಲಿ ಸಿಗುವಂಥದ್ದಲ್ಲ, ಅದು ಹೆಚ್ಚಾಗಿ ಬರುವುದು ರಷ್ಯಾ ಮತ್ತು ದಕ್ಷಿಣ ಆಫ್ರಿಕದಿಂದ. ದೇಶ ಹೆಮ್ಮೆಪಡುತ್ತಿದ್ದ ವಿಜ್ಞಾನವೂ ಬೇರೆಯವರ ಗಣಿಯ ಮೇಲೇ ನಿಂತಿತ್ತು.

ಈ ಬರಹ ಅದರಿಂದ ಬಿಡಿಸಿಕೊಳ್ಳಲು ನಡೆದ ಪ್ರಯತ್ನದ ಬಗ್ಗೆ. ಕಬ್ಬಿಣ, ನಿಕ್ಕೆಲ್, ಮ್ಯಾಂಗನೀಸ್‌ನಂಥ, ಭೂಮಿಯಲ್ಲಿ ಧಾರಾಳವಾಗಿ ಸಿಗುವ ಲೋಹಗಳಿಂದಲೇ ರಸಾಯನದ ಕೆಲಸ ಮಾಡಿಸುವ ಪ್ರಯತ್ನ. ಆದರೆ ಇದನ್ನು ಒಂದು ಗೆಲುವಿನ ಕಥೆಯಾಗಿ ಹೇಳಲು ನನಗೆ ಮನಸ್ಸಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ಕ್ಯಾಟಲಿಸ್ಟ್ ಅಂದರೆ ಏನು? ಶಾಲೆಯಲ್ಲಿ ಓದಿದ ವೇಗವರ್ಧಕ. ನನಗೆ ಹೊಳೆಯುವ ಹೋಲಿಕೆ ಮದುವೆ ಬ್ರೋಕರ್. ಎರಡು ಮನೆಯವರನ್ನು ಒಂದೇ ಜಗುಲಿಗೆ ತಂದು ಕೂರಿಸಿ, ಮಾತು ಮುಗಿಸಿ, ತಾನು ಎದ್ದು ಮುಂದಿನ ಮನೆಗೆ ಹೋಗುತ್ತಾನೆ. ಮದುವೆಯಲ್ಲಿ ಅವನ ಪಾಲಿಲ್ಲ, ಅವನಿಲ್ಲದೆ ಮದುವೆಯೂ ಇಲ್ಲ. ಬ್ರೋಕರ್‌ಗೂ ಸುಸ್ತಾಗುತ್ತದೆ, ಒಂದು ದಿನ ನಿವೃತ್ತನಾಗುತ್ತಾನೆ. ಕ್ಯಾಟಲಿಸ್ಟ್ ಕೂಡ ಹಾಗೇ. ಎಷ್ಟು ಮದುವೆ ಮಾಡಿಸಿದ ಮೇಲೆ ಸುಸ್ತಾಗುತ್ತಾನೆ, ಅವನ ಫೀಸು ಎಷ್ಟು, ಹೋದ ಮನೆಯಲ್ಲಿ ಏನಾದರೂ ಗಲಾಟೆ ಮಾಡಿ ಬರುತ್ತಾನಾ? ಇಡೀ ಉದ್ಯಮ ಕೇಳುವುದು ಈ ಮೂರು ಪ್ರಶ್ನೆಗಳನ್ನೇ. ಮೂರನೆಯದನ್ನು ಸಾಮಾನ್ಯವಾಗಿ ತಡವಾಗಿ ಕೇಳುತ್ತಾರೆ.

ಅಗ್ಗದ ಕ್ಯಾಟಲಿಸ್ಟ್‌ನ ಹುಡುಕಾಟ ಹೊಸದಲ್ಲ. 1909ರ ಜುಲೈನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಫ್ರಿಟ್ಸ್ ಹೇಬರ್ ಗಾಳಿಯ ಸಾರಜನಕವನ್ನು ಜಲಜನಕದ ಜೊತೆ ಸೇರಿಸಿ ಅಮೋನಿಯಾ ಹನಿಸಿ ತೋರಿಸಿದಾಗ, ಒಳಗಿದ್ದ ಕ್ಯಾಟಲಿಸ್ಟ್ ಆಸ್ಮಿಯಂ. ಇಡೀ ಜಗತ್ತಿನಲ್ಲಿ ಆಗ ಲಭ್ಯವಿದ್ದ ಆಸ್ಮಿಯಂ ಸುಮಾರು 100 ಕೆಜಿ ಅಷ್ಟೇ, ಬಿಎಎಸ್‌ಎಫ್ ಕಂಪನಿ ಅದನ್ನೆಲ್ಲ ಕೊಂಡುಬಿಟ್ಟಿತು. ಕೊಂಡರೂ ಒಂದು ದೇಶಕ್ಕೆ ಗೊಬ್ಬರ ಮಾಡಲು ಅದು ಸಾಲದು. ಹಾಗಾಗಿ ಅದೇ ಕಂಪನಿಯ ಆಲ್ವಿನ್ ಮಿಟ್ಟಾಶ್ ಸಿಕ್ಕಿದ್ದೆಲ್ಲವನ್ನೂ ಪರೀಕ್ಷೆಗೆ ಹಾಕತೊಡಗಿದ. 1912ರ ಹೊತ್ತಿಗೆ ಸುಮಾರು 2500 ಬಗೆಯ ಪದಾರ್ಥ, 6500 ಪರೀಕ್ಷೆ. ಗೆದ್ದದ್ದು ಸ್ವೀಡನ್ನಿನ ಗೆಲ್ಲಿವಾರೆಯ ಕಬ್ಬಿಣದ ಅದಿರು. ತಮಾಷೆ ಏನು ಗೊತ್ತಾ? ಶುದ್ಧ ಕಬ್ಬಿಣ ಅಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ. ಆ ಅದಿರಿನಲ್ಲಿದ್ದ ಕಲಬೆರಕೆಯೇ ಗುಟ್ಟು. ಕೊನೆಗೆ ಕಬ್ಬಿಣಕ್ಕೆ ಬೇಕೆಂದೇ ಚೂರು ಅಲ್ಯುಮಿನಾ, ಪೊಟ್ಯಾಶ್ ಬೆರೆಸಿದ ಪಾಕ ನಿಂತಿತು. ನೂರು ವರ್ಷದ ಮೇಲೂ ಹೆಚ್ಚಿನ ಕಾರ್ಖಾನೆಗಳಲ್ಲಿ ಅದರ ಮೊಮ್ಮಕ್ಕಳೇ ಇವೆ.

ಹೇಬರ್‌ನ ಪ್ರಯೋಗಾಲಯದಲ್ಲಿ ಸೆತ್ಸುರೊ ತಮಾರು ಎಂಬ ಜಪಾನಿ ತರುಣನೂ ಕೆಲಸ ಮಾಡಿದ್ದ. ಮೊದಲ ಮಹಾಯುದ್ಧದಲ್ಲಿ ಜಪಾನ್ ಮತ್ತು ಜರ್ಮನಿ ಎದುರು ಬದುರಾದಾಗ ಜಪಾನ್ ಸರ್ಕಾರ ಜರ್ಮನ್ ಪೇಟೆಂಟನ್ನು ವಶಕ್ಕೆ ತೆಗೆದುಕೊಂಡು, 1918ರಲ್ಲಿ ತನ್ನದೇ ಒಂದು ತಾತ್ಕಾಲಿಕ ಸಾರಜನಕ ಸಂಶೋಧನಾ ಸಂಸ್ಥೆ ಕಟ್ಟಿತು. ಜಪಾನಿನಲ್ಲಿ ಮೊದಲು ಅಮೋನಿಯಾ ತಯಾರಾದದ್ದು ಮಾತ್ರ ಬೇರೆ ದಾರಿಯಲ್ಲಿ. 1923ರಲ್ಲಿ ಕ್ಯೂಶುವಿನ ನೊಬೆಯೊಕದಲ್ಲಿ, ಇಟಲಿಯ ಕಸಾಲೆ ವಿಧಾನವನ್ನು ಕೊಂಡುತಂದು ನೊಗುಚಿ ಶಿತಗಾವು ಎಂಬ ಉದ್ಯಮಿ ಇದನ್ನು ಸಾಧಿಸಿದ. ಅವನ ಕಂಪನಿಯ ಹೆಸರೇ ನಿಪ್ಪಾನ್ ಚಿಸ್ಸೊ, 'ಜಪಾನ್ ಸಾರಜನಕ' ಅಂತ. ಸರ್ಕಾರಿ ಸಂಸ್ಥೆಯ ಸ್ವದೇಶಿ ವಿಧಾನ 1931ರಲ್ಲಿ ಕವಾಸಾಕಿಯಲ್ಲಿ ಶೋವಾ ಎಂಬ ಗೊಬ್ಬರದ ಕಂಪನಿಯ ಕೈಯಲ್ಲಿ ಚಾಲೂ ಆಯಿತು. ಮುಂದೆ ಅದೇ ಶೋವಾ ಡೆಂಕೊ. (ನಮ್ಮಲ್ಲೂ ಮೈಸೂರಿನ ಪಕ್ಕ ಬೆಳಗೊಳದಲ್ಲಿ 1940ರ ಆಸುಪಾಸು ಅಮೋನಿಯಾ ಕಾರ್ಖಾನೆ ಬಂತು, ಕೃಷ್ಣರಾಜಸಾಗರಕ್ಕೆ ಹೋಗುವಾಗ ದಾಟಿರುತ್ತೀರಿ. ಆ ಕಥೆ ಇನ್ನೊಮ್ಮೆ.)

ಚಿಸ್ಸೊ, ಶೋವಾ ಡೆಂಕೊ. ಈ ಎರಡು ಹೆಸರನ್ನು ನೆನಪಿಡಿ. ಅಗ್ಗದ ಕಬ್ಬಿಣದಿಂದ ಜಪಾನಿನ ಭತ್ತದ ಗದ್ದೆಗಳಿಗೆ ಗೊಬ್ಬರ ಕೊಟ್ಟ ಕಂಪನಿಗಳು ಇವು.

ನೊಗುಚಿ 1908ರಲ್ಲೇ ಕುಮಾಮೊಟೊ ಪ್ರಾಂತ್ಯದ ಮಿನಮಾಟಾ ಎಂಬ ಮೀನುಗಾರರ ಊರಿನಲ್ಲಿ ಕಾರ್ಬೈಡ್ ಕಾರ್ಖಾನೆ ಹಾಕಿದ್ದ. ಕಾರ್ಬೈಡ್‌ಗೆ ನೀರು ಸೇರಿದರೆ ಅಸಿಟಿಲೀನ್ ಅನಿಲ. ವೆಲ್ಡಿಂಗ್ ಅಂಗಡಿಯ ಹತ್ತಿರ ಮೂಗಿಗೆ ಬಡಿಯುತ್ತಲ್ಲ, ಅದೇ. 1932ರಿಂದ ಆ ಅಸಿಟಿಲೀನನ್ನು ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸುವ ಕೆಲಸ ಶುರುವಾಯಿತು. ಅಸಿಟಾಲ್ಡಿಹೈಡ್‌ನಿಂದ ವಿನೆಗರ್ ಆಮ್ಲ, ಅದರಿಂದ ಪ್ಲಾಸ್ಟಿಕ್, ಬಣ್ಣ, ನೂಲು. ಕ್ಯಾಟಲಿಸ್ಟ್ ಪಾದರಸ, ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿದ್ದು. ಮೊದಲ ವರ್ಷ 210 ಟನ್ ಮಾಡಿದ ಕಾರ್ಖಾನೆ 1951ರಲ್ಲಿ ಸುಮಾರು 6000 ಟನ್, 1960ರಲ್ಲಿ 45,000 ಟನ್ ಮಾಡಿತು.

ಇಲ್ಲೊಂದು ವಿವರ ಇದೆ. ಮಿನಮಾಟಾದ ಬಗ್ಗೆ ಬರೆಯುವಾಗ ಹೆಚ್ಚಿನವರು ಇದನ್ನು ಹಾರಿಸಿಬಿಡುತ್ತಾರೆ. ನನಗೆ ಮಾತ್ರ ಇದೇ ಕಥೆಯ ನಡುಮಧ್ಯ. ಪಾದರಸ ಕೆಲಸ ಮಾಡುತ್ತಾ ಮಾಡುತ್ತಾ ಲೋಹದ ಹನಿಯಾಗಿ ಸತ್ತು ಬೀಳುತ್ತದೆ. ಅದನ್ನು ಮತ್ತೆ ಎಬ್ಬಿಸಲು ಇನ್ನೊಂದು ಪದಾರ್ಥ ಬೇಕು, ಸಹ-ಕ್ಯಾಟಲಿಸ್ಟ್. 1951ರ ಆಗಸ್ಟ್‌ವರೆಗೆ ಅದು ಮ್ಯಾಂಗನೀಸ್ ಡೈಆಕ್ಸೈಡ್. ಹಳೆಯ ಟಾರ್ಚ್ ಸೆಲ್ಲಿನೊಳಗಿನ ಕಪ್ಪು ಪುಡಿ. ಆಮೇಲೆ ಅದನ್ನು ಬಿಟ್ಟು ಕಬ್ಬಿಣದ ಸಂಯುಕ್ತಕ್ಕೆ ಬದಲಾಯಿಸಿದರು. ಎರಡೂ ಸಾಧಾರಣ ಲೋಹಗಳು, ಇಂದಿನ ಯಾವ 'ಹಸಿರು' ಪಟ್ಟಿಯಲ್ಲಾದರೂ ಮೇಲಿನ ಸಾಲಿನಲ್ಲೇ ಇರುವಂಥವು. ಆದರೆ ಮ್ಯಾಂಗನೀಸ್ ಇದ್ದಾಗ ಹತೋಟಿಯಲ್ಲಿದ್ದ ಒಂದು ಅಡ್ಡ ಕ್ರಿಯೆ ಕಬ್ಬಿಣ ಬಂದ ಮೇಲೆ ಹೆಚ್ಚಿತು ಅಂತ ಬಹಳ ವರ್ಷಗಳ ನಂತರದ ಅಧ್ಯಯನಗಳು ತೋರಿಸಿದವು. ಆ ಅಡ್ಡ ಕ್ರಿಯೆಯಲ್ಲಿ ಹುಟ್ಟುವುದು ಮಿಥೈಲ್ ಮರ್ಕ್ಯುರಿ. ಅದು ತ್ಯಾಜ್ಯ ನೀರಿನ ಜೊತೆ ಕೊಲ್ಲಿಗೆ ಹರಿಯಿತು. ಅಲ್ಲಿಂದ ಚಿಪ್ಪು ಮೀನು, ದೊಡ್ಡ ಮೀನು, ಬೆಕ್ಕು, ಮನುಷ್ಯ.

ಊರಿನ ಬೆಕ್ಕುಗಳು ಮೊದಲು ಹುಚ್ಚೆದ್ದು ಕುಣಿದು ಸತ್ತವು. 1956ರ ಮೇ 1ರಂದು ಕಾರ್ಖಾನೆಯದೇ ಆಸ್ಪತ್ರೆಯ ಮುಖ್ಯಸ್ಥ ಡಾ. ಹಜಿಮೆ ಹೊಸೊಕಾವಾ, ನರಮಂಡಲದ ಗೊತ್ತಿಲ್ಲದ ಕಾಯಿಲೆಯೊಂದು ಹಬ್ಬುತ್ತಿದೆ ಎಂದು ಆರೋಗ್ಯ ಕಚೇರಿಗೆ ವರದಿ ಕೊಡಿಸಿದರು. 1959ರ ಜುಲೈನಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದವರು ಬೆರಳು ತೋರಿಸಿದ್ದು ಸಾವಯವ ಪಾದರಸದ ಕಡೆಗೆ. ಹೊಸೊಕಾವಾ ಗುಟ್ಟಾಗಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಅಸಿಟಾಲ್ಡಿಹೈಡ್ ಘಟಕದ ತ್ಯಾಜ್ಯವನ್ನು ಊಟಕ್ಕೆ ಬೆರೆಸಿ ಕೊಟ್ಟ 400ನೇ ನಂಬರಿನ ಬೆಕ್ಕು ಆ ವರ್ಷದ ಅಕ್ಟೋಬರ್‌ನಲ್ಲಿ ಅದೇ ರೀತಿ ನಡುಗಿ ಬಿತ್ತು. ಕಂಪನಿ ಆ ಪ್ರಯೋಗ ನಿಲ್ಲಿಸಿತು, ಫಲಿತಾಂಶ ಹೊರಗೆ ಬರಲಿಲ್ಲ. ಡಿಸೆಂಬರ್‌ನಲ್ಲಿ ಭಾರಿ ಪ್ರಚಾರದೊಂದಿಗೆ ನೀರು ಶುದ್ಧೀಕರಿಸುವ ಯಂತ್ರ ಕೂರಿಸಿದರು. ಕರಗಿದ ಸಾವಯವ ಪಾದರಸವನ್ನು ತೆಗೆಯುವ ಶಕ್ತಿಯೇ ಅದಕ್ಕಿರಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ರೋಗಿಗಳಿಂದ 'ಅನುಕಂಪದ ಹಣ'ದ ಒಪ್ಪಂದಕ್ಕೆ ಸಹಿ. ಘಟಕ ನಿಂತದ್ದು 1968ರ ಮೇ ತಿಂಗಳಲ್ಲಿ. ಸರ್ಕಾರ ಅಧಿಕೃತವಾಗಿ ಕಾರಣ ಒಪ್ಪಿಕೊಂಡದ್ದು ಅದಾದ ಮೇಲೆ, ಸೆಪ್ಟೆಂಬರ್‌ನಲ್ಲಿ. ಹೊಸೊಕಾವಾ ಬಾಯಿ ಬಿಟ್ಟದ್ದು 1970ರಲ್ಲಿ, ಕ್ಯಾನ್ಸರ್‌ನಿಂದ ಮಲಗಿದ್ದ ಆಸ್ಪತ್ರೆಯ ಹಾಸಿಗೆಯಿಂದ ಕೊಟ್ಟ ಸಾಕ್ಷ್ಯದಲ್ಲಿ. ಅಧಿಕೃತವಾಗಿ ರೋಗಿಗಳೆಂದು ಮಾನ್ಯತೆ ಸಿಕ್ಕವರು 2200ಕ್ಕೂ ಹೆಚ್ಚು. ಸಿಗದವರ ಹೋರಾಟ ಈ ಶತಮಾನಕ್ಕೂ ಸಾಗಿ ಬಂದಿದೆ.

ಇನ್ನೊಂದು ಹೆಸರು ನೆನಪಿಡಿ ಅಂದಿದ್ದೆ. 1965ರಲ್ಲಿ ನೀಗಾಟಾದ ಅಗಾನೊ ನದಿ ಪಾತ್ರದಲ್ಲಿ ಅದೇ ಕಾಯಿಲೆ ಕಾಣಿಸಿಕೊಂಡಿತು. ನದಿಯ ಮೇಲ್ಭಾಗದ ಕನೋಸೆಯಲ್ಲಿ ಶೋವಾ ಡೆಂಕೊದ ಅಸಿಟಾಲ್ಡಿಹೈಡ್ ಕಾರ್ಖಾನೆ, ಅದೇ ಪಾದರಸ.

ಈ ಕಾರ್ಖಾನೆಗಳು ಮುಚ್ಚಿದ ಮೇಲೆ ಜಗತ್ತು ಅಸಿಟಾಲ್ಡಿಹೈಡನ್ನು ಹೇಗೆ ಮಾಡಿತು? ಜರ್ಮನಿಯಲ್ಲಿ 1950ರ ದಶಕದ ಕೊನೆಗೆ ಬಂದಿದ್ದ ವ್ಯಾಕರ್ ವಿಧಾನದಿಂದ: ಎಥಿಲೀನ್, ಗಾಳಿಯ ಆಮ್ಲಜನಕ, ಸ್ವಲ್ಪ ತಾಮ್ರ, ಮತ್ತು ಪಲ್ಲಾಡಿಯಂ! ಅಂದರೆ ಮಿನಮಾಟಾದ ಪಾದರಸವನ್ನು ಉದ್ಯಮದಿಂದ ಆಚೆ ತಳ್ಳಿದ್ದು ದುಬಾರಿ, ಅಪರೂಪದ ಲೋಹ. ಅಗ್ಗದ ಲೋಹ ಅಂದ ತಕ್ಷಣ ಹಸಿರು ಅಂತ ಬರೆದುಬಿಡುವ ಲೇಖನಗಳನ್ನು ಓದುವಾಗ ನನಗೆ ಇದು ನೆನಪಾಗುತ್ತದೆ. ಕ್ಯಾಟಲಿಸ್ಟ್‌ನ ಬೆಲೆ ಎಷ್ಟು ಅನ್ನುವುದು ಲೆಕ್ಕದ ಗೆರೆ ಎಲ್ಲಿ ಎಳೆಯುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಚಿಸ್ಸೊ ಕಂಪನಿಯ ಲೆಡ್ಜರ್‌ನಲ್ಲಿ ಗೆರೆ ಕಾರ್ಖಾನೆಯ ಕಾಂಪೌಂಡಿಗೆ ಮುಗಿದಿತ್ತು.

ಮತ್ತೆ ಇಂಗಾಲದ ಜೋಡಣೆಗೆ ಬರೋಣ. ನೊಬೆಲ್ ಪಲ್ಲಾಡಿಯಂಗೆ ಹೋಯಿತು ನಿಜ, ಆದರೆ ಈ ಸಾಲಿನ ಮೊದಲ ಹೆಜ್ಜೆಗಳಲ್ಲಿ ಕೆಲವು ಸಾಧಾರಣ ಲೋಹಗಳದ್ದೇ. ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಜಪಾನಿ ಮೂಲದ ಜೇ ಕೊಚಿ, ಜೊತೆಗಾರ ತಮುರಾ ಜೊತೆ ಸೇರಿ 1971ರಲ್ಲಿ ಅಮೆರಿಕದಲ್ಲಿ ಕಬ್ಬಿಣದಿಂದ ಜೋಡಿಸಿ ತೋರಿಸಿದ್ದರು. 1972ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಮಕೊಟೊ ಕುಮಾಡಾ ಮತ್ತು ಇನ್ನೂ ಮೂವತ್ತು ತುಂಬಿರದ ಕೊಹೆಯ್ ತಮಾವೊ ನಿಕ್ಕೆಲ್‌ನಿಂದ ಮಾಡಿದರು. ಅದೇ ವರ್ಷ ಫ್ರಾನ್ಸಿನಲ್ಲಿ ಕೊರ್ರಿಯು ಕೂಡ. ಪಲ್ಲಾಡಿಯಂನ ಸುಜುಕಿ-ಮಿಯೌರಾ ವಿಧಾನ ಬಂದದ್ದು 1979ರಲ್ಲಿ.

ಹಾಗಾದ್ರೆ ಪಲ್ಲಾಡಿಯಂ ಗೆದ್ದದ್ದು ಯಾಕೆ? ಅದು ಶಿಸ್ತಿನ ಮನುಷ್ಯ. ಎಲೆಕ್ಟ್ರಾನ್‌ಗಳನ್ನು ಎರಡೆರಡಾಗಿ ಕೊಟ್ಟು ಎರಡೆರಡಾಗಿ ತಗೊಳ್ಳುತ್ತದೆ. ಅಣುವಿನ ಬೇರೆ ಭಾಗಗಳ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಕಬ್ಬಿಣ ಒಂದೊಂದೇ ಎಲೆಕ್ಟ್ರಾನಿನ ವ್ಯವಹಾರಕ್ಕೂ ಇಳಿಯುತ್ತದೆ, ಆಗ ಎಲ್ಲೆಂದರಲ್ಲಿ ಕೈ ಹಾಕುವ ರ್‍ಯಾಡಿಕಲ್‌ಗಳು ಹುಟ್ಟುತ್ತವೆ. ಜೊತೆಗೆ ಅದರ ಅಯಸ್ಕಾಂತ ಗುಣದಿಂದ ಎನ್‌ಎಂಆರ್ ಯಂತ್ರದ ಚಿತ್ರ ಕಲಸಿಹೋಗುತ್ತದೆ. ಒಳಗೆ ಏನಾಗುತ್ತಿದೆ ಅಂತ ಕಾಣದೆ ಸುಧಾರಿಸುವುದು ಹೇಗೆ? ಹೀಗೆ ಜಗತ್ತಿನ ಔಷಧ ಉದ್ಯಮ ಪಲ್ಲಾಡಿಯಂ ಹಿಂದೆ ಹೋಯಿತು. ನಿಮ್ಮ ಮನೆಯಲ್ಲಿ ಯಾರಾದರೂ ಬಿಪಿಗೆ ಲೊಸಾರ್ಟನ್ ನುಂಗುತ್ತಿದ್ದರೆ, ಅದರ ಎರಡು ಬೆಂಜೀನ್ ಉಂಗುರಗಳನ್ನು ಜೋಡಿಸಲು ಸುಜುಕಿ ಕ್ರಿಯೆ ಬಳಸಿದ್ದುಂಟು. ಕೊನೆಯಲ್ಲಿ ಆ ಲೋಹವನ್ನು ಮಾತ್ರೆಯಿಂದ ತೊಳೆದು ತೆಗೆಯುವುದು ಬೇರೆ ಕೆಲಸ: ಬಾಯಿಂದ ತೆಗೆದುಕೊಳ್ಳುವ ಔಷಧದಲ್ಲಿ ದಿನಕ್ಕೆ 100 ಮೈಕ್ರೊಗ್ರಾಂಗಿಂತ ಹೆಚ್ಚು ಪಲ್ಲಾಡಿಯಂ ಇರಬಾರದು ಅನ್ನುತ್ತದೆ ಅಂತಾರಾಷ್ಟ್ರೀಯ ಮಾರ್ಗಸೂಚಿ. ಬೆಲೆಯ ಕುಣಿತವೂ ಉಂಟು. 2022ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧ ಶುರುವಾದ ಹೊತ್ತಿಗೆ ಔನ್ಸ್‌ಗೆ 3000 ಡಾಲರ್ ದಾಟಿತ್ತು. ನೆಲದ ಲೆಕ್ಕ ನೋಡಿ: ಭೂಮಿಯ ಹೊರಪದರದ ಒಂದು ಟನ್ ಬಂಡೆಯಲ್ಲಿ ಸರಾಸರಿ 50 ಕೆಜಿ ಕಬ್ಬಿಣ, ಪಲ್ಲಾಡಿಯಂ ಕೆಲವು ಮಿಲಿಗ್ರಾಂ. ಬಳ್ಳಾರಿಯ ಕಡೆಯವರಿಗೆ ಕಬ್ಬಿಣದ ಬಗ್ಗೆ ನಾನು ಹೇಳಬೇಕಾಗಿಲ್ಲ. ದೋಣಿಮಲೈನ ಅದಿರು ಜಪಾನಿನ ಕುಲುಮೆಗಳಿಗೆ ಹಡಗು ಹತ್ತಿದ್ದು ನಿಮಗೆ ಗೊತ್ತೇ ಇದೆ.

2004ರ ಏಪ್ರಿಲ್‌ನಲ್ಲಿ ಹಕೋನೆಯಲ್ಲಿ, ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಊರು ಅದು, ವಿಜ್ಞಾನಿಗಳ ಒಂದು ಕಮ್ಮಟ ನಡೆಯಿತು. 1972ರ ನಿಕ್ಕೆಲ್‌ನ ಅದೇ ತಮಾವೊ ಅಲ್ಲಿದ್ದರು, ಟೋಕಿಯೊ ವಿಶ್ವವಿದ್ಯಾಲಯದ ಎಯಿಚಿ ನಕಮುರಾ ಇದ್ದರು. ಅಲ್ಲಿಂದ ಹೊರಟ ಮಾತು 'ಗೆನ್ಸೊ ಸೆನ್ರ್ಯಾಕು', ಧಾತು ತಂತ್ರ. ಒಂದು ದೇಶ ತೈಲಕ್ಕೆ, ಆಹಾರಕ್ಕೆ ನೀತಿ ಮಾಡುವ ಹಾಗೆ ಪೀರಿಯಾಡಿಕ್ ಟೇಬಲ್‌ಗೂ ನೀತಿ ಬೇಕು: ಅಪರೂಪದ ಧಾತುವಿನ ಬದಲಿ ಹುಡುಕು, ಇರುವುದನ್ನು ಕಡಿಮೆ ಬಳಸು, ಮತ್ತೆ ಮತ್ತೆ ಬಳಸು. 2007ರಲ್ಲಿ ಶಿಕ್ಷಣ-ವಿಜ್ಞಾನ ಸಚಿವಾಲಯವೂ ಉದ್ಯಮ ಸಚಿವಾಲಯವೂ ಇದಕ್ಕೆ ಯೋಜನೆ ಶುರುಮಾಡಿದವು. ಗಮನಿಸಿ, 2010ರ ಬಿಕ್ಕಟ್ಟಿಗೆ ಮೂರು ವರ್ಷ ಮೊದಲು. ಬಿಕ್ಕಟ್ಟು ಬಂದ ಮೇಲೆ ಹಣ ಸುಲಭವಾಯಿತು. 2012ರಿಂದ ಹತ್ತು ವರ್ಷ ಅಯಸ್ಕಾಂತ, ಕ್ಯಾಟಲಿಸ್ಟ್ ಮತ್ತು ಬ್ಯಾಟರಿ, ಎಲೆಕ್ಟ್ರಾನಿಕ್ ವಸ್ತು, ಕಟ್ಟಡ-ಯಂತ್ರಗಳ ಲೋಹ ಅಂತ ನಾಲ್ಕು ಕೇಂದ್ರಗಳು ನಡೆದವು. ಕ್ಯಾಟಲಿಸ್ಟ್ ಕೇಂದ್ರ ಕ್ಯೋಟೊದಲ್ಲಿ.

ಕಬ್ಬಿಣದ ಕಡೆ ನಿಜವಾದ ಪ್ರಗತಿಯೂ ಆಯಿತು. 2004ರಲ್ಲಿ ಎಯಿಚಿ ನಕಮುರಾ ಮತ್ತು ಮಸಾಹರು ನಕಮುರಾ (ನೆಂಟರಲ್ಲ, ಗುರು-ಶಿಷ್ಯ ಬಳಗ) ಟಿಎಂಇಡಿಎ ಎಂಬ ಅಗ್ಗದ ಅಮೀನನ್ನು ಸೇರಿಸಿ, ಪಲ್ಲಾಡಿಯಂಗೂ ಕಷ್ಟವಾಗುತ್ತಿದ್ದ ಆಲ್ಕೈಲ್ ಹ್ಯಾಲೈಡ್‌ಗಳನ್ನು ಕಬ್ಬಿಣದಿಂದ ಜೋಡಿಸಿದರು. 2008ರಲ್ಲಿ ಎಯಿಚಿ ನಕಮುರಾ ಗುಂಪು ಇಂಗಾಲ-ಜಲಜನಕ ಬಂಧವನ್ನೇ ನೇರವಾಗಿ ಕಬ್ಬಿಣದಿಂದ ಬದಲಿಸಿತು. ಆದರೆ ಆ ಕ್ರಿಯೆಗೆ ಗ್ರಿನ್ಯಾರ್ ಕಾರಕ ದಂಡಿಯಾಗಿ ಬೇಕು, ಸತುವಿನ ಉಪ್ಪೂ ಬೇಕು. ಕ್ಯಾಟಲಿಸ್ಟ್ ಅಗ್ಗ, ಬಕೆಟ್‌ನಲ್ಲಿ ಉಳಿಯುವ ಕಸ ಹೆಚ್ಚು. ಮತ್ತೆ ಅದೇ ಗೆರೆಯ ಪ್ರಶ್ನೆ.

ಇಲ್ಲಿ ನನ್ನ ಕಸುಬಿನ ಒಂದು ಮಾತು. ಡೇಟಾ ಕೆಲಸದಲ್ಲಿ 'ಲೀಕೇಜ್' ಅನ್ನೋ ರೋಗ ಇದೆ. ಮಾಡೆಲ್ 98% ಸರಿ ಹೇಳುತ್ತಿದೆ ಅಂತ ಒಂದು ವಾರ ಬೀಗಿ, ಕೊನೆಗೆ ಉತ್ತರವೇ ಪ್ರಶ್ನೆಯೊಳಗೆ ಸೋರಿತ್ತು ಅಂತ ನಾನೇ ಕಂಡುಕೊಂಡು ನಾಚಿದ್ದುಂಟು. ಕಬ್ಬಿಣದ ಕ್ಯಾಟಲಿಸ್ಟ್‌ಗೂ ಅದೇ ಆಯಿತು. 2009ರಲ್ಲಿ ಸ್ಟೀಫನ್ ಬುಕ್ವಾಲ್ಡ್ ಮತ್ತು ಕಾರ್ಸ್ಟನ್ ಬೋಲ್ಮ್ ಒಂದು ಪ್ರಾಮಾಣಿಕ ಲೇಖನ ಪ್ರಕಟಿಸಿದರು. ಬೋಲ್ಮ್‌ರ ಗುಂಪೇ ಕಬ್ಬಿಣದ್ದು ಎಂದು ಪ್ರಕಟಿಸಿದ್ದ ಕೆಲವು ಕ್ರಿಯೆಗಳು, ಸಾಧಾರಣ ಶುದ್ಧತೆಯ ಫೆರಿಕ್ ಕ್ಲೋರೈಡ್ ಹಾಕಿದರೆ ಚೆನ್ನಾಗಿ ನಡೆಯುತ್ತವೆ, 99.99%ಗಿಂತ ಶುದ್ಧವಾದದ್ದನ್ನು ಹಾಕಿದರೆ ಕೈಕೊಡುತ್ತವೆ. ಹತ್ತು ಲಕ್ಷದಲ್ಲಿ ಕೆಲವೇ ಭಾಗ ತಾಮ್ರ ಬೆರೆಸಿದರೆ ಮತ್ತೆ ಜೀವ ಬರುತ್ತದೆ. ಕೆಲಸ ಮಾಡಿದ್ದು ತಾಮ್ರ, ಹೆಸರು ಕಬ್ಬಿಣಕ್ಕೆ. ಮಿಟ್ಟಾಶ್‌ಗೆ ಕಲಬೆರಕೆ ಅದೃಷ್ಟ ತಂದಿತ್ತು, ಇವರಿಗೆ ಪಾಠ ಕಲಿಸಿತು. ತಮ್ಮದೇ ಫಲಿತಾಂಶವನ್ನು ತಾವೇ ಪ್ರಶ್ನಿಸಿ ಬರೆದ ಅಂಥ ಲೇಖನಗಳಿಗೂ ಒಂದು ಬಹುಮಾನ ಇಡಬೇಕು ಅಂತ ನನ್ನ ಅನಿಸಿಕೆ.

ಧಾತು ತಂತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಅಧ್ಯಾಯ ಸಿಮೆಂಟಿನದು. ಅಲ್ಯುಮಿನಾ ಸಿಮೆಂಟಿನಲ್ಲಿ ಸುಣ್ಣ ಮತ್ತು ಅಲ್ಯುಮಿನಾ 12:7 ಪ್ರಮಾಣದಲ್ಲಿ ಸೇರಿದ ಒಂದು ಹರಳು ಇರುತ್ತದೆ; ಅದರೊಳಗೆ ಪುಟ್ಟ ಪುಟ್ಟ ಪಂಜರಗಳು. 2003ರಲ್ಲಿ ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಹಿದೆಯೊ ಹೊಸೊನೊ ಗುಂಪು ಆ ಪಂಜರಗಳಲ್ಲಿದ್ದ ಆಮ್ಲಜನಕವನ್ನು ಕಿತ್ತು, ಜಾಗದಲ್ಲಿ ಬರೀ ಎಲೆಕ್ಟ್ರಾನ್‌ಗಳನ್ನು ಕೂಡಿಹಾಕಿತು. ಇದಕ್ಕೆ ಎಲೆಕ್ಟ್ರೈಡ್ ಅಂತ ಹೆಸರು. ಗಾಳಿಗೆ ಇಟ್ಟರೂ ಕೆಡದ ಮೊದಲ ಎಲೆಕ್ಟ್ರೈಡ್ ಇದು. ಎಲೆಕ್ಟ್ರಾನ್ ದಾನ ಮಾಡಲು ತಯಾರಿರುವ ವಸ್ತುವಿದ್ದರೆ, ಸಾರಜನಕದ ಆ ಹಟಮಾರಿ ತ್ರಿಬಂಧವನ್ನು ಸಡಿಲಿಸಬಹುದಲ್ಲ? 2012ರಲ್ಲಿ ಅದರ ಮೇಲೆ ರುಥೇನಿಯಂ ಕೂರಿಸಿ, ಹೇಬರ್-ಬಾಷ್ ವಿಧಾನಕ್ಕಿಂತ ಸೌಮ್ಯ ಸ್ಥಿತಿಯಲ್ಲಿ ಅಮೋನಿಯಾ ಮಾಡಿದರು. ಹಳೆಯ ವಿಧಾನಕ್ಕೆ 400-500 ಡಿಗ್ರಿ ಶಾಖ, ನೂರಕ್ಕಿಂತ ಹೆಚ್ಚು ವಾಯುಭಾರದ ಒತ್ತಡ ಬೇಕು. ಜಗತ್ತಿನ ಶಕ್ತಿಯಲ್ಲಿ 1-2% ಅದಕ್ಕೇ ಹೋಗುತ್ತದೆ. ಸೌಮ್ಯವಾಗಿ ಆದರೆ ಸಣ್ಣ ಘಟಕಗಳು ಸಾಧ್ಯ, ಅಂದರೆ ಗೊಬ್ಬರ ಬೇಕಾದ ಊರಿನ ಹತ್ತಿರವೇ. 2017ರಲ್ಲಿ ಅಜಿನೊಮೊಟೊ ಕಂಪನಿ ಜೊತೆ ಸೇರಿ ತ್ಸುಬಾಮೆ ಬಿಎಚ್‌ಬಿ ಎಂಬ ಕಂಪನಿ ಹುಟ್ಟಿದ್ದು ಅದಕ್ಕಾಗಿಯೇ.

ಸಿಮೆಂಟ್ ಅಗ್ಗ ಸರಿ, ರುಥೇನಿಯಂ? ಅದೂ ಪ್ಲಾಟಿನಂ ಬಳಗದ್ದೇ. ಅದನ್ನೂ ಬಿಡಿಸಲು 2020ರಲ್ಲಿ ಅದೇ ಗುಂಪು ಲ್ಯಾಂಥನಂ ನೈಟ್ರೈಡ್ ಮೇಲೆ ನಿಕ್ಕೆಲ್ ಕೂರಿಸಿ ತೋರಿಸಿತು. ನಿಕ್ಕೆಲ್ ಒಂಟಿಯಾಗಿ ಸಾರಜನಕವನ್ನು ಒಡೆಯಲಾರದು. ಹಾಗಾಗಿ ಕೆಲಸ ಹಂಚಿಕೆ: ಜಲಜನಕವನ್ನು ನಿಕ್ಕೆಲ್ ಒಡೆಯುತ್ತದೆ, ಸಾರಜನಕವನ್ನು ನೈಟ್ರೈಡ್‌ನಲ್ಲಿರುವ ಖಾಲಿ ಜಾಗಗಳು ಹಿಡಿದುಕೊಳ್ಳುತ್ತವೆ. ಕ್ಯೋಟೊದ ನಿಕ್ಕೆಲ್‌ಗೆ ಸುಮಾರು ಐವತ್ತು ವರ್ಷದ ಮೇಲೆ ಟೋಕಿಯೊದಲ್ಲಿ ಹೊಸ ಕೆಲಸ ಸಿಕ್ಕಿತು. ಲ್ಯಾಂಥನಂ ಮಾತ್ರ ರೇರ್ ಅರ್ತ್ ಮನೆತನದ ಹಿರಿಯ ಮಗ. ಹೆಸರಿಗೆ ಅಪರೂಪ, ಭೂಮಿಯ ಹೊರಪದರದಲ್ಲಿ ಸೀಸಕ್ಕಿಂತ ಹೆಚ್ಚಿದೆ. ಆದರೆ ಅಗೆದು, ಬೇರ್ಪಡಿಸಿ, ಮಾರುವುದರಲ್ಲಿ ಇವತ್ತಿಗೂ ಚೀನಾದ್ದೇ ದೊಡ್ಡ ಪಾಲು. ಇತ್ತ ಕ್ಯೋಟೊದಲ್ಲಿ ಕೊಬಯಾಶಿ ಮತ್ತು ಕಗೆಯಾಮಾ 2017ರಲ್ಲೇ ಟೈಟಾನಿಯಂ ಹೈಡ್ರೈಡ್‌ನಿಂದ ಅಮೋನಿಯಾ ಮಾಡಿದ್ದರು. ಅದುವರೆಗೆ ಈ ಕೆಲಸಕ್ಕೆ ನಾಲಾಯಕ್ಕು ಅಂತ ಎಲ್ಲರೂ ಬದಿಗಿಟ್ಟಿದ್ದ ಲೋಹ ಟೈಟಾನಿಯಂ. ಅದರ ಆಕ್ಸೈಡ್ ನಿಮ್ಮ ಮನೆಯ ಬಿಳಿ ಗೋಡೆಯ ಬಣ್ಣದಲ್ಲಿದೆ, ಕೇರಳದ ಚವರ ಕರಾವಳಿಯ ಕಪ್ಪು ಮರಳಿನಲ್ಲೂ ಇದೆ.